ಒದ್ದೆ ಕಾಲು

ಚಾಮರಾಜ ಏಳನೆಯ ಸಲ ಡಮ್ಮಿಯನ್ನು ಕಾಲುವೆಗೆ ಎಸೆದ. ಬಾತುಕೋಳಿಯ ಬದಲಿಗೆ ಎಸೆಯುವ ಆ ಕ್ಯಾನ್ವಾಸಿನ ಉರುಳೆ ಹತ್ತಡಿ ದೂರದಲ್ಲೇ ತೇಲುತ್ತಿತ್ತು. ಎಂಟು ತಿಂಗಳ ಲ್ಯಾಬ್ರಡಾರ್ ಕರಿಯ ಅಂಚಿನವರೆಗೆ ಓಡಿ, ಮುಂಗಾಲಿಗೆ ನೀರು ತಾಗುತ್ತಲೇ ಹಿಂದೆ ಸರಿದು, ಬಾಲ ಮುದುರಿ ಕುಳಿತುಬಿಟ್ಟಿತು.

“ಹೋಗೋ ಕತ್ತೆ! ಮನೇಲಿ ನನ್ ಚಪ್ಪಲಿ ಎಲ್ಲಿದ್ರೂ ತರ್ತೀಯ. ಇದನ್ನ ತರೋಕೆ ಏನ್ ರೋಗ ನಿಂಗೆ?”

ರೋಗವೇನೂ ಇರಲಿಲ್ಲ. ಹುಲ್ಲಿನ ಮೇಲೆ ಎಸೆದರೆ ಕಣ್ಣುಮುಚ್ಚಿ ತೆರೆಯುವುದರೊಳಗೆ ತಂದಿಡುತ್ತಿತ್ತು. ನೇಸ್ ಎಂಬ ಈ ಪರದೇಶದ ಊರಿನಲ್ಲಿ ಪಕ್ಕದ ಮನೆಯ ಫಿಂಟನ್ ಮರಿ ಕೊಡುವಾಗಲೇ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದ: ಇದು ಬೇಟೆನಾಯಿ, ನೀರಿಗಿಳಿಯಲು ಕಲಿಯದಿದ್ದರೆ ವಾಪಸ್ ಒಯ್ಯುತ್ತೇನೆ. ನಾಳೆಯೇ ಪರೀಕ್ಷೆ. ಐದು ವಾರದ ಪಾಠವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗಾಗಿತ್ತು. ಕರಿಯನಿಲ್ಲದ ಮನೆಯನ್ನು ನೆನೆದರೇ ಚಾಮರಾಜನಿಗೆ ಸಂಕಟ. ಆ ಸಂಕಟವೇ ಬೈಗುಳವಾಗಿ ಬಾಯಿಗೆ ಬರುತ್ತಿತ್ತು.

ಕೊನೆಗೆ ತಾನೇ ತೊಡೆಮಟ್ಟ ನೀರಿಗಿಳಿದು ಡಮ್ಮಿ ತಂದ. ದಡದಲ್ಲಿ ಬೆಚ್ಚಗೆ ನಿಂತ ನಾಯಿ ಅವನನ್ನೇ ನೋಡುತ್ತಿತ್ತು. ಯಾರು ಯಾರಿಗೆ ಕಲಿಸುತ್ತಿದ್ದಾರೋ ದೇವರೇ ಬಲ್ಲ.

ಮನೆಯ ಬಾಗಿಲು ತೆರೆದ ನೀಲಮ್ಮ ಗಂಡನ ಪ್ಯಾಂಟಿನಿಂದ ಸುರಿಯುವ ನೀರು ಕಂಡು ಕೂಗಿದಳು. “ಅಲ್ಲೇ ನಿಲ್ರೀ! ಒದ್ದೆ ಕಾಲಲ್ಲಿ ಒಳಗ್ ಬರ್ಬೇಡಿ!”

ಬಾಡಿಗೆ ಮನೆ, ಬಾಗಿಲಿನಿಂದ ದೇವರ ಪಟದ ಬುಡದವರೆಗೂ ಕಾರ್ಪೆಟ್ಟೇ. ಚಾಮರಾಜ ನಿಂತ. ಬೈಸಿಕೊಂಡವನು ಅವನಾದರೂ, ಪಕ್ಕದಲ್ಲಿದ್ದ ಕರಿಯ ಬಾಲ ಮುದುರಿ ನೆಲಕ್ಕೆ ಅಂಟಿಕೊಂಡಿತು. ಬೆಳಗಿನಿಂದ ಏಳು ಸಲ ಅವನು ನೋಡಿದ್ದು ಇದೇ ಬಾಲವನ್ನು.

ಮರಿ ಮನೆಗೆ ಬಂದು ಆರು ತಿಂಗಳು. ಈ ಊರಿನಲ್ಲಿ ಮಳೆ ಬಾರದ ದಿನವೆಷ್ಟು? ಮರಿ ನೆನೆದು ಬಂದಾಗಲೆಲ್ಲ ‘ಒದ್ದೆ! ಹೊರಗೆ!’ ಎಂದು ಗದರಿದವರು ಇವರಿಬ್ಬರೇ.

“ನಾವೇ ಕಣೇ ಕಲಿಸಿದ್ದು,” ಎಂದ ಚಾಮರಾಜ.

“ಏನನ್ನ?”

“ನೆನೆಯೋದು ತಪ್ಪು ಅಂತ.”

ಅವನು ನೀರು ಸೋರುತ್ತಲೇ ಒಳಗೆ ನಡೆದು ದೇವರ ಪಟದ ಮುಂದೆ ಕುಳಿತ. ಬೈಯಲು ಬಾಯಿ ತೆರೆದ ನೀಲಮ್ಮ, ನಾಯಿಯನ್ನು ನೋಡಿ ಬಾಗಿಲ ಬಳಿ ಮಂಡಿಯೂರಿದಳು.

“ಬಾರೋ ಕರಿಯ,” ಎಂದಳು ಮೆಲ್ಲಗೆ. “ಯಾರೂ ಬೈಯಲ್ಲ, ಬಾ.”

ಕರಿಯ ಒಂದು ಕಾಲನ್ನು ಕಾರ್ಪೆಟ್ಟಿನ ಮೇಲಿಟ್ಟಿತು. ಅವಳ ಮುಖ ನೋಡಿತು. ಮತ್ತೆ ಕಾಲು ಹಿಂದೆಗೆದು ಹೊಸ್ತಿಲಾಚೆಯೇ ಕುಳಿತಿತು. ಬೇಲಿಯ ಆಚೆ ಫಿಂಟನ್, ನಾಳೆಗೆಂದು, ವ್ಯಾನಿನೊಳಗೆ ನಾಯಿಯ ಪಂಜರವನ್ನು ಇಡುತ್ತಿದ್ದ.