ಗುಡ್ಡದ ಮೇಲೆ ಸ್ವಲ್ಪ ಮಂಜು

ಹತ್ತು ಎಂದರೆ ಯಾವ ಹತ್ತು? ವೆಂಡೆಲಿನ್ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಇನ್ನೊಮ್ಮೆ ನೋಡಿದ. ರಟ್ಟಿನ ಮೇಲೆ ಬರೆದದ್ದು ಇಷ್ಟೇ: "ಶನಿವಾರ. 10. ಬಾ." ತಮ್ಮನದು ಅಡುಗೆಮನೆಯ ಗಡಿಯಾರದ ಹತ್ತು, ಅವನಿಗೆ ಬೇರೆ ಹತ್ತು ಗೊತ್ತಿಲ್ಲ. ಆದರೆ ಆರು ವರ್ಷದಲ್ಲಿ ಮನುಷ್ಯ ಏನನ್ನಾದರೂ ಕಲಿತಿರಬಹುದಲ್ಲ?

ತಮ್ಮ ರಾದಿಮ್ ವಿಸೋಚಿನಾ ಗುಡ್ಡಗಳಾಚೆಯ ಸಣ್ಣ ವಿಮಾನಪಟ್ಟಿಯೊಂದರಲ್ಲಿ ಹುಲ್ಲು ಕತ್ತರಿಸುತ್ತಾನೆ. ಅಲ್ಲಿಯ ಹವಾಮಾನ ಕ್ಯಾಮೆರಾ ಹತ್ತು ನಿಮಿಷಕ್ಕೊಂದು ಚಿತ್ರವನ್ನು ಇಂಟರ್ನೆಟ್ಟಿಗೆ ಕಳಿಸುತ್ತದೆ. ಆರು ವರ್ಷದ ಹಿಂದೆ ತಾಯಿಯನ್ನು ಮಣ್ಣು ಮಾಡಿದ ದಿನದಿಂದ ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ಇಬ್ಬರ ಬಳಿಯೂ ಫೋನಿದೆ. ಮೊದಲು ಮಾಡಬೇಕಾದವರು ಯಾರು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಹಾಗಿರುವಾಗ ಬುಧವಾರದ ಒಂದು ಚಿತ್ರದಲ್ಲಿ, ಮೋಡಗಳ ಕೆಳಗೆ, ಬೆಂಚಿನ ಮೇಲೆ, ರಟ್ಟು ಹಿಡಿದು ರಾದಿಮ್ ಕೂತಿದ್ದ.

ವೆಂಡೆಲಿನ್ ಪೈಲಟ್ ಆಗಿರುವ ವಿಮಾನ ಕ್ಲಬ್ಬಿನ ಅಧ್ಯಕ್ಷ ಓಟಕಾರ್ ಆ ಚಿತ್ರವನ್ನು ಗಾಳಿಯ ನಕ್ಷೆ, ಮಳೆಯ ನಕ್ಷೆಗಳ ಪಕ್ಕದಲ್ಲಿ ತೆರೆದಿಟ್ಟು ಶನಿವಾರ ಬೆಳಗ್ಗೆ ಎಂಟಕ್ಕೆ ಸಭೆ ಕರೆದಿದ್ದ. ಯಾರು ಗುಡ್ಡ ದಾಟಿ ಹಾರಬೇಕಾದರೂ ಸದಸ್ಯರೆಲ್ಲ ಹವಾಮಾನ ನೋಡಿ ಕೈಯೆತ್ತಬೇಕು. ಅದು ಇಲ್ಲಿಯ ಪದ್ಧತಿ.

"ಹವಾಮಾನ ಕ್ಯಾಮೆರಾದಲ್ಲಿ ಬರೋದೆಲ್ಲ ವಿಶ್ವ ಸಮಯ ಕಣಯ್ಯಾ," ಎಂದ ಓಟಕಾರ್. "ಮೋಡ ಬಂದ್ರೂ ವಿಶ್ವ ಸಮಯ, ನಿನ್ನ ತಮ್ಮ ಬಂದ್ರೂ ವಿಶ್ವ ಸಮಯ. ನಮ್ಮೂರ ಗಡಿಯಾರ ಅದಕ್ಕಿಂತ ಎರಡು ಗಂಟೆ ಮುಂದೆ, ಅಂದ್ರೆ ಇಲ್ಲಿ ಹನ್ನೆರಡು."

"ಹುಲ್ಲು ಕುಯ್ಯೋನಿಗೆ ಎಲ್ಲಿಯ ವಿಶ್ವ ಸಮಯಾನಪ್ಪಾ," ಎಂದಳು ಕ್ಯಾಂಟೀನಿನ ದ್ರಾಹೊಮೀರಾ. "ಹೊರಗೆ ನೋಡಿ, ಆಕಾಶ ತೊಳೆದಿಟ್ಟ ಹಾಗಿದೆ. ಈಗಲೇ ಹೋಗ್ಲಿ ಬಿಡಿ."

"ನೀನು ಸಾಸೇಜ್ ನೋಡ್ಕೋ ತಾಯಿ. ಕಿಟಕಿ ಅಧಿಕೃತ ಅಲ್ಲ."

ಅದು ಅಡುಗೆಮನೆಯ ಗಡಿಯಾರದ ಹತ್ತೇ ಎಂದು ವೆಂಡೆಲಿನ್ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಅಷ್ಟು ಖಚಿತವಾಗಿ ಹೇಗೆ ಗೊತ್ತು ಎಂದು ಕೇಳುತ್ತಿದ್ದರು. ತಾಯಿಯ ಮಣ್ಣಿಗೆ ಅವನು ಎರಡು ಗಂಟೆ ತಡವಾಗಿ ಹೋಗಿದ್ದ. ಗುಡ್ಡದ ಮೇಲೆ ಮಂಜಿತ್ತು ಎಂದಿದ್ದ. ಕ್ಲಬ್ಬಿನವರು ಇಂದಿಗೂ ಹೊಸಬರಿಗೆ ಆ ಮಂಜಿನ ಕಥೆ ಹೇಳುತ್ತಾರೆ: ತಾಯಿ ಸತ್ತರೂ ದುಡುಕದ ಪೈಲಟ್ ಎಂದು. ಎಲ್ಲರೂ ವಿಶ್ವ ಸಮಯಕ್ಕೆ ಕೈಯೆತ್ತಿದರು. ವೆಂಡೆಲಿನ್ ಕೂಡ ಎತ್ತಿದ.

ಹನ್ನೊಂದೂಕಾಲಿಗೆ ಹೊರಡುವುದೆಂದಾಯಿತು. ಕಾಯುತ್ತ ಎಲ್ಲರೂ ಪರದೆ ನೋಡಿದರು. ಊರ ಗಡಿಯಾರದ ಹತ್ತರ ಚಿತ್ರದಲ್ಲಿ ರಾದಿಮ್ ಬೆಂಚಿನ ಮೇಲಿದ್ದ, ಮೈಮೇಲೆ ಕೋಟು, ಮಡಿಲಲ್ಲಿ ಬಟ್ಟೆ ಮುಚ್ಚಿದ ತಟ್ಟೆ.

"ಎರಡು ಗಂಟೆ ಮೊದಲೇ ಬಂದಿದ್ದಾನೆ ಪಾಪ," ಎಂದ ಓಟಕಾರ್.

ಹತ್ತೂ ಹತ್ತರಲ್ಲಿ ಅವನು ಆಕಾಶ ನೋಡುತ್ತಿದ್ದ. ಹತ್ತೂಇಪ್ಪತ್ತರಲ್ಲಿಯೂ. ಹತ್ತೂವರೆಯಲ್ಲಿ ಬೆಂಚು ಖಾಲಿ, ತಟ್ಟೆ ಮಾತ್ರ ಇತ್ತು. ಹತ್ತೂ ನಲವತ್ತಕ್ಕೆ ಅವನು ಹೊಸ ರಟ್ಟು ಹಿಡಿದಿದ್ದ: "ಮತ್ತೆ ಮಂಜಾ?"

ಓಟಕಾರ್ ಗಂಭೀರನಾಗಿ ಮೂರು ನಕ್ಷೆ ತೆಗೆದ. "ಯಾವ ನಕ್ಷೆಯಲ್ಲೂ ಮಂಜಿಲ್ಲ. ನಿನ್ನ ತಮ್ಮನಿಗೆ ಇದು ಎಲ್ಲಿ ಸಿಕ್ತು? ಇನ್ನೊಮ್ಮೆ ಸಭೆ ಸೇರೋಣ."

ವೆಂಡೆಲಿನ್ ಕುರ್ಚಿಯಿಂದ ಎದ್ದ.

"ಎಲ್ಲಿಗಯ್ಯಾ? ಕೈಯೆತ್ತಿದ್ದು ಹನ್ನೊಂದೂಕಾಲಿಗೆ."

ದ್ರಾಹೊಮೀರಾ ಅವನಿಗಾಗಿ ಬಾಗಿಲು ತೆರೆದು ಹಿಡಿದಳು.

ಗುಡ್ಡಗಳ ಮೇಲೆ ಒಂದು ಎಳೆ ಮೋಡವೂ ಇರಲಿಲ್ಲ. ಕೊಳಗಳು, ಚರ್ಚಿನ ಗೋಪುರಗಳು, ಒಣಗಲು ಹಾಕಿದ ಬಟ್ಟೆಗಳು, ಎಲ್ಲವೂ ನಾಚಿಕೆಯಾಗುವಷ್ಟು ಸ್ಪಷ್ಟವಾಗಿ ಕಂಡವು. ಅವನು ಎಲ್ಲಾದರೂ ಸ್ವಲ್ಪ ಮಸುಕು ಸಿಗಬಹುದೇ ಎಂದು ಹುಡುಕುತ್ತಲೇ ಹೋದ.

ಹನ್ನೊಂದೂವರೆಗೆ ಇಳಿದಾಗ ರಾದಿಮ್ ಬೆಂಚಿನಿಂದ ಏಳಲಿಲ್ಲ. ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಇಬ್ಬರೂ ಕ್ಯಾಮೆರಾದ ಕಡೆ ಮುಖ ಮಾಡಿ ಕೂತರು.

"ಮಂಜಿತ್ತಾ?"

"ಗುಡ್ಡದ ಮೇಲೆ. ಸ್ವಲ್ಪ."

ರಾದಿಮ್ ತಲೆಯಾಡಿಸಿದ. "ಗುಡ್ಡದ ಮೇಲೂ ಒಂದು ಕ್ಯಾಮೆರಾ ಇದೆ. ನಾನು ದಿನಾ ನೋಡ್ತೀನಿ. ಹಳೇ ಚಿತ್ರಗಳನ್ನೂ ಇಟ್ಟಿರ್ತಾರೆ ಅದರಲ್ಲಿ, ಆರು ವರ್ಷ ಹಿಂದಿನದ್ದೂ ಸಿಗುತ್ತೆ."

ಹುಲ್ಲಿನಲ್ಲಿ ಮಿಡತೆಯೊಂದು ಸದ್ದು ಮಾಡಿ ನಿಲ್ಲಿಸಿತು. ಕ್ಯಾಮೆರಾ ಟಿಕ್ ಎಂದಿತು. ಗುಡ್ಡದಾಚೆ ಈಗ ಏಳು ಜನ ಈ ಚಿತ್ರಕ್ಕೆ ಅರ್ಥ ಹುಡುಕುತ್ತಿರುತ್ತಾರೆ.

ರಾದಿಮ್ ತಟ್ಟೆಯ ಬಟ್ಟೆ ಸರಿಸಿದ. ಗಸಗಸೆ ತುಂಬಿದ ಸಿಹಿ ಬನ್ನು, ಬುಖ್ತಾ, ತಾಯಿ ಮಾಡುತ್ತಿದ್ದಂತೆ ಚೌಕಾಕಾರದ್ದು.

"ಹತ್ತಕ್ಕೆ ಬಿಸಿಯಾಗಿತ್ತು," ಎಂದ. "ತಿನ್ನು."

ವೆಂಡೆಲಿನ್ ತಿಂದ. ಇನ್ನೊಂದನ್ನೂ ತಿಂದ. ತಾಯಿಯ ಮಣ್ಣಿನ ದಿನ ಮಂಜಿರಲಿಲ್ಲ, ಮಣ್ಣಿಗೆ ಬರಲು ತಿಳಿಸಿದ ಕಾಗದದಲ್ಲಿದ್ದ ಹತ್ತನ್ನು ತಾನು ವಿಶ್ವ ಸಮಯವೆಂದು ಓದಿದ್ದೆ ಎಂದು ಅವನು ಆಗಲೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.