ಮೆಟ್ಟಿಲ ಬುಡದ ಕರಿಹಲಗೆ

ಬ್ಯಾಟರಿ ಅವತ್ತೂ ಏಳು ಹತ್ತಕ್ಕೇ ಕೈಕೊಟ್ಟಿತು. ಎರಡನೇ ಮಹಡಿಯಲ್ಲಿ ಅತ್ತೆಯ ಉಸಿರಾಟದ ಯಂತ್ರ ಕುಂಯ್ ಎಂದು ಕೂಗಿ ಸುಮ್ಮನಾಯಿತು. ಸೊಸೆ ಕತ್ತಲಲ್ಲೇ ತಡಕಾಡಿ ಸಣ್ಣ ಆಕ್ಸಿಜನ್ ಸಿಲಿಂಡರಿನ ನಳಿಗೆ ಜೋಡಿಸಿದಳು. ಕರೆಂಟು ಬರುವುದು ಎಂಟಕ್ಕೆ. ಸಿಲಿಂಡರು ಎಳೆಯುವುದು ಮುಕ್ಕಾಲು ಗಂಟೆ. ಉಳಿದ ಐದು ನಿಮಿಷ ಅತ್ತೆ ಕಿಟಕಿಯ ಸರಳು ಹಿಡಿದು, ಆಳದ ಬಾವಿಯಿಂದ ನೀರು ಸೇದುವವರ ಹಾಗೆ ಒಂದೊಂದೇ ಉಸಿರು ಸೇದಿದರು.

ಇಪ್ಪತ್ತನಾಲ್ಕು ಮನೆಗಳ ಆ ಕಟ್ಟಡದಲ್ಲಿ ಸೊಸೆಯನ್ನು ಎಲ್ಲರೂ ಪ್ಲೇಟಕ್ಕ ಅಂತಲೇ ಕರೆಯುವುದು. ತಾರಸಿಯ ಸೋಲಾರ್ ಪ್ಲೇಟು ಒರೆಸುವುದು, ಮೆಟ್ಟಿಲ ಕೆಳಗಿನ ಕೋಣೆಯ ಬ್ಯಾಟರಿ ನೋಡಿಕೊಳ್ಳುವುದು ಅವಳ ಕೆಲಸ. ದಿನಾ ಸಂಜೆ ಆರರಿಂದ ಎಂಟು, ಕರೆಂಟು ಹೋದಾಗ, ಇಡೀ ಕಟ್ಟಡ ನಿಂತಿರುವುದು ಅದರ ಮೇಲೆ.

ಮರುದಿನ ಬೆಳಿಗ್ಗೆ ಅವಳು ಮೀಟರು ಹಿಡಿದು ಒಂದೊಂದೇ ಬ್ಯಾಟರಿ ಪರೀಕ್ಷಿಸಿದಳು. ಮೂರು ಸಲ. ತಪ್ಪು ಯಂತ್ರದ್ದಾಗಿದ್ದರೆ ಎಷ್ಟು ಸುಖವಾಗಿತ್ತು! ಎಲ್ಲ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದವು.

ಬ್ಯಾಟರಿ ಕಂಪನಿಯವನು ಫೋನಿನಲ್ಲಿ ಹೇಳಿದ: "ಶಕ್ತಿ ಸಾಲದು ಅಂತ ಫಾರಮ್ಮಿನಲ್ಲಿ ಬರೆದು ಸಹಿ ಹಾಕಿ ಕಳಿಸಿಬಿಡಿ ಅಕ್ಕ. ಇನ್ನೊಂದು ಸಾಲು ಬ್ಯಾಟರಿ ಕೂರಿಸೋಣ."

"ಯಾವಾಗ?"

"ಐದಾರು ತಿಂಗಳಾಗಬಹುದು."

"ಅದೂ ಏಳು ಹತ್ತಕ್ಕೇ ಮುಗಿದ್ರೆ?"

ಅವನು ನಕ್ಕ. "ಆಗ ಮತ್ತೊಂದು ಸಾಲು!"

ಅವಳಿಗೆ ನಗು ಬರಲಿಲ್ಲ. ಎರಡು ವರ್ಷದ ಹಿಂದೆ ಬ್ಯಾಟರಿ ಈಗಿನದರ ಅರ್ಧ ಇತ್ತು. ಆದರೂ ಎಂಟರವರೆಗೆ ಬರುತ್ತಿತ್ತು. ಯಾಕೆಂದರೆ ಮೆಟ್ಟಿಲ ಬುಡದಲ್ಲಿ ಒಂದು ಕರಿಹಲಗೆ ಇತ್ತು. ದೀಪದ ಜೊತೆಗೆ ತಾವು ಹಾಕುವ ಒಂದೇ ಒಂದು ಕರೆಂಟಿನ ಸಾಮಾನು ಯಾವುದೆಂದು ಪ್ರತಿ ಮನೆಯವರೂ ಆರರೊಳಗೆ ಅದರ ಮೇಲೆ ಬರೆಯಬೇಕು. ಮಾರನೇ ದಿನಕ್ಕೆ ಅಳಿಸಿ ಹೊಸದಾಗಿ ಬರೆಯಬೇಕು. ಹೊಸ ಬ್ಯಾಟರಿ ಬಂದ ದಿನ, "ಇನ್ನು ಈ ಪೀಕಲಾಟ ಬೇಡ, ಯಂತ್ರವೇ ನೋಡ್ಕೊಳ್ಳುತ್ತೆ" ಎಂದು ಹಲಗೆ ಇಳಿಸಿದ್ದು ಬೇರೆ ಯಾರೂ ಅಲ್ಲ, ಅವಳೇ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಅನ್ನುವ ಹಾಗೆ, ಅವತ್ತಿನಿಂದ ಮನೆಮನೆಗೂ ಸಾಮಾನು ಬಂತು. ಅವಳ ಮನೆಗೂ ಬಂತು, ನೀರು ಕಾಯಿಸುವ ಹೀಟರು.

ಹಲಗೆ ಈಗ ಬ್ಯಾಟರಿ ಕೋಣೆಯ ಒಡೆದ ಕಿಟಕಿಗೆ ಪಾರಿವಾಳ ಬರದಂತೆ ಅಡ್ಡ ನಿಂತಿತ್ತು. ಅವಳು ಅದನ್ನು ಕಿತ್ತು, ಹಿಕ್ಕೆ ಕೆರೆದು ತೊಳೆದು, ಹಳೆಯ ಮೊಳೆಗೇ ನೇತುಹಾಕಿದಳು. ಸಂಜೆ ಐದಕ್ಕೆ ಬಾಗಿಲು ಬಡಿಯಲು ಹೊರಟಳು.

"ಬಿಸಿಲೇನು ನಿಮ್ಮಪ್ಪನ ಮನೆ ಆಸ್ತಿನಾ, ಅಳೆದು ಅಳೆದು ಕೊಡೋಕೆ?" ಎಂದರು ನಾಲ್ಕನೇ ಮಹಡಿಯ ನಿವೃತ್ತ ಮೇಷ್ಟ್ರು.

"ಬಿಸಿಲು ಯಾರದ್ದೂ ಅಲ್ಲ ಮೇಷ್ಟ್ರೇ. ಬ್ಯಾಟರಿ ಎಲ್ಲರದ್ದು."

"ಹಲಗೆ ಇಳಿಸಿದ್ದೂ ನೀನೇ, ಏರಿಸೋದೂ ನೀನೇ. ಚೆನ್ನಾಗಿದೆ!"

"ಹೌದು, ತಪ್ಪು ನಂದೇ. ಹಾಸಿಗೆ ಉದ್ದ ಮಾಡಿದೆ, ಕಾಲೂ ಉದ್ದ ಆಗುತ್ತೆ ಅಂತ ಹೊಳೀಲಿಲ್ಲ."

ಮೇಷ್ಟ್ರು ಬಾಗಿಲು ಹಾಕಿಕೊಂಡರು. ನೆಲಮಹಡಿಯ ದರ್ಜಿ ಮಾತ್ರ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು, "ಅಜ್ಜಿಗೆ ಹೇಗಿದೆ?" ಎಂದು ಕೇಳಿದ. ಹದಿನಾಲ್ಕು ಬಾಗಿಲು ಆಗುವಷ್ಟರಲ್ಲಿ ಅವಳ ಮೊಣಕಾಲು ಸೋತುಹೋದವು. ಉಳಿದ ಹತ್ತಕ್ಕೆ ಹೋಗಲಿಲ್ಲ. ಹೋಗಬೇಕಿತ್ತೇನೋ.

ಹದಿನಾಲ್ಕನೆಯದು ಅವಳ ಮನೆಯದೇ. ಬಸ್ಸು ಓಡಿಸಿ ಬಂದ ಗಂಡ ಟವೆಲು ಹೆಗಲಿಗೆ ಹಾಕಿಕೊಂಡು ನಿಂತಿದ್ದ.

"ಹೀಟರು ಬೇಡ ರೀ, ಎಂಟರವರೆಗೆ."

"ನಾನೊಬ್ಬ ತಣ್ಣೀರು ಹುಯ್ಕೊಂಡ್ರೆ ಲೋಕ ಉದ್ಧಾರ ಆಗುತ್ತಾ?"

"ಲೋಕದ ವಿಷಯ ನಂಗೊತ್ತಿಲ್ಲ. ನಿಮ್ಮಮ್ಮಂಗೆ ಐದು ನಿಮಿಷ ಉಸಿರು ಸಿಗುತ್ತೆ."

ಅವನು ಒಳಗಿನ ಮಂಚದ ಕಡೆ ನೋಡಿದ. ಟವೆಲು ತೆಗೆದು ಕುರ್ಚಿಯ ಮೇಲೆ ಹಾಕಿದ.

ಆರಕ್ಕೆ ಹಲಗೆಯ ಮೇಲೆ ಒಂಬತ್ತೇ ಸಾಲುಗಳಿದ್ದವು. ಮೊದಲನೆಯದು ಅವಳದು: "ಅತ್ತೆಯ ಯಂತ್ರ ಮಾತ್ರ." ಕೆಳಗೆ ದರ್ಜಿಯದು: "ಇಸ್ತ್ರಿ ಎಂಟರ ಮೇಲೆ. ಫ್ಯಾನು ಒಂದು." ಮೇಷ್ಟ್ರ ಮನೆಯ ಸಾಲು ಇರಲಿಲ್ಲ.

ಬ್ಯಾಟರಿ ಏಳು ಇಪ್ಪತ್ತಾರಕ್ಕೆ ನಿಂತಿತು. ಅವಳು ನಳಿಗೆ ಜೋಡಿಸಿ, ಟಾರ್ಚು ಹಿಡಿದು ಸಿಲಿಂಡರಿನ ಮುಳ್ಳನ್ನೇ ನೋಡುತ್ತ ಕೂತಳು. ಎಂಟಕ್ಕೆ ಕರೆಂಟು ಬಂದಾಗ ಮುಳ್ಳು ಇನ್ನೂ ಕೆಂಪು ಗೆರೆ ಮುಟ್ಟಿರಲಿಲ್ಲ. ಅತ್ತೆ ಸರಳು ಹಿಡಿದಿರಲಿಲ್ಲ.

"ಇವತ್ತು ಪರವಾಗಿಲ್ಲ ಕಣೇ," ಎಂದರು ಅತ್ತೆ. "ನಾಳೆ?"

"ನಾಳೆ ಮತ್ತೆ ಕೇಳ್ಬೇಕು ಅತ್ತೆ."

ಕಂಪನಿಯ ಫಾರಮ್ಮಿನಲ್ಲಿ "ದೋಷ" ಎಂಬ ಕಡೆ ಅವಳು "ಯಂತ್ರದಲ್ಲಿ ಇಲ್ಲ" ಎಂದು ಬರೆದಳು. ಆಮೇಲೆ ಒದ್ದೆ ಬಟ್ಟೆ ಹಿಡಿದು, ಗೋಡೆ ಆತುಕೊಂಡು ನಿಧಾನಕ್ಕೆ ಮೆಟ್ಟಿಲಿಳಿದಳು. ನಾಳೆಗಾಗಿ ಒಂಬತ್ತು ಸಾಲನ್ನೂ ಅಳಿಸಬೇಕಿತ್ತು.