ಕರೀಂಸಾಬರು ಕಂಡ ಚಂದ್ರ

ರಂಜಾನಿನ ಇಪ್ಪತ್ತೊಂಬತ್ತನೆಯ ಸಂಜೆ ಕಮಲಾಪುರದಲ್ಲಿ ಆಕಾಶ ನೋಡುವವರಿಗಿಂತ ಕರೀಂಸಾಬರ ಮುಖ ನೋಡುವವರೇ ಹೆಚ್ಚು. ಚಂದ್ರ ಕಂಡರೆ ನಾಳೆ ಹಬ್ಬ, ಕಾಣದಿದ್ದರೆ ಮೂವತ್ತನೆಯ ರೋಜಾ, ಇನ್ನೊಂದು ದಿನದ ಉಪವಾಸ. ಉಗುರಿನ ಅಂಚಿನಷ್ಟು ತೆಳ್ಳಗಿರುವ ಆ ಚಂದ್ರ ಊರಲ್ಲಿ ಮೊದಲು ಕಾಣಿಸುತ್ತಿದ್ದುದು ಕರೀಂಸಾಬರಿಗೆ. ಅವರು ಬೆರಳು ಚಾಚಿದ ಮೇಲೆ ಉಳಿದವರಿಗೆ ಕಾಣುತ್ತಿತ್ತು. ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿದ ಕಣ್ಣು ಅದು. ಹುಮನಾಬಾದ ರಸ್ತೆಯಲ್ಲಿ ದೀಪವಿಲ್ಲದೆ ನಿಂತ ಟ್ರ್ಯಾಕ್ಟರನ್ನು ಅಷ್ಟು ದೂರದಿಂದಲೇ ಕಂಡು ಬ್ರೇಕು ಒತ್ತಿ ಐವತ್ತು ಜನರನ್ನು ಉಳಿಸಿದ್ದನ್ನು ಊರು ಈಗಲೂ ಹೇಳಿಕೊಳ್ಳುತ್ತದೆ. ಮೋಡ ಕವಿದ ವರ್ಷಗಳಲ್ಲಿ, ಜಿಲ್ಲೆಗೆಲ್ಲ ಹಬ್ಬ ಸಾರುವ ಕಲಬುರಗಿಯ ಖಾಜಿ ಸಾಹೇಬರು ಕೂಡ ಮೊದಲು ಕೇಳುವುದು, "ಕಮಲಾಪುರದಾಗ ಕರೀಂಸಾಬ್ ಏನಂದ್ರು?" ಎಂದೇ.

ಇಂಥ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿದೆ ಎಂಬುದು ಕರೀಂಸಾಬರನ್ನು ಬಿಟ್ಟರೆ ಇನ್ನೊಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಆಸ್ಪತ್ರೆಗೆ ಹೋದರೆ ಅರ್ಧ ದಿನದ ಕೆಲಸ. ಆದರೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ 'ಕರೀಂಸಾಬರ ಕಣ್ಣು ಹೋಯ್ತಂತ' ಎಂಬ ಮಾತು ಬಾಳೆತೋಟಗಳ ತನಕ ಹಬ್ಬುತ್ತದೆ. ಆಮೇಲೆ ಅವರ ಬೆರಳಿನ ಹಿಂದೆ ಯಾರು ನೋಡುತ್ತಾರೆ? ಹುಂಬತನ, ಇನ್ನೇನು. ಚಹಾದ ಅಂಗಡಿಯಲ್ಲಿ ಪೇಪರು ಕೈಗೆ ಕೊಟ್ಟರೆ, "ಇದರಾಗ ಓದಾಕ ಏನದ" ಎಂದು ಬೆಂಚಿನ ಮೇಲೆ ಒಗೆಯುತ್ತಿದ್ದರು. ಎದುರು ಬಂದವರು ಮಾತಾಡುವ ತನಕ ಸುಮ್ಮನೆ ನಗುತ್ತಿದ್ದರು. ವಯಸ್ಸಾದ ಮೇಲೆ ಎಷ್ಟು ಗಂಭೀರ ಆಗ್ಯಾರ ನೋಡ್ರಿ ಎಂದು ಊರು ಮೆಚ್ಚಿಕೊಂಡಿತ್ತು.

ಈ ಸಲ ಮಗಳು ಮದಿಹಾ ಹಬ್ಬಕ್ಕೆ ಎರಡು ದಿನ ಮೊದಲೇ ಬಂದಿದ್ದಳು. ಕಲಬುರಗಿಯ ಸೇಡಂ ರಸ್ತೆಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ, ಗಂಡನ ಮನೆ ಕುಸನೂರ. ಸೀರೆ, ಬಳೆ ತರುವುದು ಬಿಟ್ಟು ಮೂರು ಕಾಲಿನ ಸ್ಟ್ಯಾಂಡು, ಒಂದು ದುರ್ಬೀನು, ಪ್ಲಾಸ್ಟಿಕ್ಕಿನ ಒಂದು ಹಿಡಿಕೆ ತಂದಿದ್ದಳು. ಆ ಹಿಡಿಕೆಯೊಳಗೆ ಮೊಬೈಲು ಕೂರಿಸಿ ದುರ್ಬೀನಿನ ಕಣ್ಣಿಗೆ ಬಿಗಿದರೆ, ದುರ್ಬೀನು ಕಂಡದ್ದೆಲ್ಲ ಮೊಬೈಲಿನ ಪರದೆಯ ಮೇಲೆ ದೊಡ್ಡದಾಗಿ ಮೂಡುತ್ತದೆ. ಶಾಲೆಯ ಮಕ್ಕಳಿಗೆ ಚಂದ್ರನ ಮೇಲಿನ ಗುಂಡಿಗಳನ್ನು ಹೀಗೇ ತೋರಿಸುತ್ತಾಳಂತೆ.

"ಚಾಂದ್ ನೋಡಾಕ ಅಲ್ಲಾ ಕಣ್ಣು ಕೊಟ್ಟಾನ," ಎಂದು ಕರೀಂಸಾಬರು ಗುರುಗುಟ್ಟಿದರು. ಆ ಮನೆಯಲ್ಲಿ ಪ್ರೀತಿ ಉರ್ದುವಿನಲ್ಲಿ, ಸಿಟ್ಟು ಕನ್ನಡದಲ್ಲಿ. "ಮೊಬೈಲಿನಾಗ ನೋಡೋದು ನೋಡೋದಲ್ಲ."

"ಇದರಾಗ ಬರೇ ಹುಡುಕೋದು ಅಬ್ಬಾ. ಎಲ್ಲದ ಅಂತ ಗೊತ್ತಾದ ಮ್ಯಾಲ ಕಣ್ಣಿಲೆ ನೋಡೋದು. ಗವಾಹಿ ನಿಮ್ಮ ಕಣ್ಣಿಂದೇ."

ಕಣ್ಣಿನ ಗವಾಹಿ, ಅಂದರೆ ಸಾಕ್ಷಿ, ಎಂದೊಡನೆ ಕರೀಂಸಾಬರು ಎದ್ದು ಹೊರಗೆ ನಡೆದರು.

ಸಂಜೆ ಖರ್ಜೂರ, ನೀರು ತೆಗೆದುಕೊಂಡು ರೋಜಾ ಬಿಟ್ಟರು, ನಮಾಜು ಮುಗಿಸಿದರು, ಓಣಿಯ ಗಂಡಸರೆಲ್ಲ ಕರೀಂಸಾಬರ ಮಾಳಿಗೆ ಏರಿದರು. ಪಶ್ಚಿಮಕ್ಕೆ ಅಕಾಲದ ಮೋಡ ಅಡರಿತ್ತು. ನಡುನಡುವೆ ಕೆಂಪು ಬಿರುಕು. ಕರೀಂಸಾಬರ ಮಗ ಝಹೀರನ ಹೊಸ ಫೋನಿನ ಕ್ಯಾಮೆರಾ ಚೆನ್ನಾಗಿದೆ ಎಂದು ಮದಿಹಾ ಅದನ್ನೇ ದುರ್ಬೀನಿಗೆ ಬಿಗಿದು ಬಿರುಕುಗಳನ್ನು ಒಂದೊಂದಾಗಿ ಹುಡುಕಿದಳು. ಇಪ್ಪತ್ತು ನಿಮಿಷವಾದರೂ ಏನಿಲ್ಲ. ಜನ ಒಬ್ಬೊಬ್ಬರೇ ಇಳಿಯತೊಡಗಿದರು. ಕೆಳಗೆ ತನ್ನ ಕೂಸು ಅತ್ತದ್ದಕ್ಕೆ ಮದಿಹಾ, "ಯಾರೂ ಕೈ ಹಚ್ಚಬ್ಯಾಡ್ರಿ, ಈಗ ಬಂದೆ," ಎಂದು ಇಳಿದು ಹೋದಳು.

ಕೈ ಹಚ್ಚಿದವರು ಕರೀಂಸಾಬರೇ. ಕಾರಣ ಕೇಳಿದರೆ ಯಾರ ಕರುಳಾದರೂ ಚುರ್ ಎನ್ನಬೇಕು. ಮಗಳು ದುರ್ಬೀನು ತಿರುಗಿಸುವಾಗ ಪರದೆಯ ಮೇಲೆ ಮೂಲೆಮನೆಯ ಬೇವಿನ ಗಿಡ ಹಾದುಹೋಗಿತ್ತು. ಅದರಲ್ಲಿ ಅವರಿಗೆ ಎಲೆ ಕಂಡಿತ್ತು. ಬಿಡಿ ಬಿಡಿ ಎಲೆ, ಒಂದೊಂದರ ಹಲ್ಲು ಹಲ್ಲಾದ ಅಂಚು. ಎರಡು ವರ್ಷದಿಂದ ಗಿಡವೆಂದರೆ ಅವರ ಪಾಲಿಗೆ ಬರೀ ಹಸಿರು ಹೊಗೆ. ಇನ್ನೊಮ್ಮೆ ಎಲೆ ನೋಡಬೇಕೆಂದು ಅವರು ಮೊಬೈಲಿಗೆ ಮುಖ ಹಚ್ಚಿ, ಹಿಡಿಕೆಯನ್ನು ಅತ್ತಿತ್ತ ದೂಡಿದರು. ಪರದೆ ಒಮ್ಮೆಗೇ ಕಪ್ಪಾಯಿತು. ಆ ಕಪ್ಪಿನ ನಡುವೆ ತೆಳ್ಳಗೆ ಬಾಗಿದ ಒಂದು ಬೆಳ್ಳಿ ಗೆರೆ.

"ಚಾಂದ್!"

ಆ ಕೂಗಿನಲ್ಲಿ ಊರಿನ ಹಬ್ಬಕ್ಕಿಂತ ಹೆಚ್ಚಾಗಿ ಅವರ ಸ್ವಂತ ಖುಷಿಯಿತ್ತು. ನನ್ನ ಕಣ್ಣು ಹೋಗಿಲ್ಲ, ಮೊದಲು ಕಂಡದ್ದು ನನಗೇ! ಪಕ್ಕದ ಮನೆಯ ಗೆಳೆಯ ಬುರ್ಹಾನುದ್ದೀನ್ ಓಡಿ ಬಂದು ಪರದೆ ನೋಡಿದ, ಆಕಾಶ ನೋಡಿದ, ಇನ್ನೊಮ್ಮೆ ಪರದೆ ನೋಡಿದ. "ಹೌದು! ಅಗೋ, ಬೇವಿನ ಗಿಡದ ಮ್ಯಾಲ!" ಝಹೀರ ಪಟಕ್ಕನೆ ಫೋಟೋ ತೆಗೆದ. ಮದಿಹಾ ಮೇಲೆ ಬರುವಷ್ಟರಲ್ಲಿ ಬಿರುಕು ಮುಚ್ಚಿಹೋಗಿತ್ತು, ಜನ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು, ಝಹೀರ ತೆಗೆದ ಫೋಟೋ ಮೊಬೈಲಿನಿಂದ ಮೊಬೈಲಿಗೆ ಹಾರಿ ಊರು ದಾಟಿತ್ತು. ಓಣಿಯ ತುದಿಯಲ್ಲಿ ಪಟಾಕಿ ಸಿಡಿಯಿತು. ಹಬ್ಬದ ಪಾಯಸ ಶೀರ್‌ಖುರ್ಮಾಕ್ಕೆ ಹಾಲು ತರಲು ಹೆಂಗಸರು ಮಕ್ಕಳನ್ನು ಓಡಿಸಿದರು.

ಕಲಬುರಗಿಯಿಂದ ಖಾಜಿ ಸಾಹೇಬರ ಫೋನು ಬಂತು. ಜಿಲ್ಲೆಯಲ್ಲಿ ಬೇರೆಲ್ಲೂ ಕಂಡಿಲ್ಲ. ಮೋಡದ ದಿನ ಇಬ್ಬರು ನಂಬಿಕಸ್ತರು ಕಣ್ಣಾರೆ ಕಂಡೆವೆಂದು ಎದುರಿಗೆ ಬಂದು ಹೇಳಬೇಕು. ಕರೀಂಸಾಬ್, ಬುರ್ಹಾನುದ್ದೀನ್ ಬರಲಿ, ಊರಿಗೆ ಊರೇ ಕಾಯುತ್ತಿದೆ.

ಝಹೀರ ಕಾರು ತೆಗೆದ. ಕರೀಂಸಾಬರು ಮುಂದೆ, ಬುರ್ಹಾನುದ್ದೀನ್ ಮತ್ತು ಮದಿಹಾ ಹಿಂದೆ. ಅಬ್ಬಾ ಗವಾಹಿ ಕೊಡುವುದನ್ನು ಒಮ್ಮೆಯಾದರೂ ನೋಡಬೇಕೆಂದು ಅವಳೇ ಹಟ ಮಾಡಿ ಹತ್ತಿದ್ದಳು. ಸ್ಟ್ಯಾಂಡು, ದುರ್ಬೀನು ಕಾಲಬುಡದಲ್ಲಿದ್ದವು. ದಾರಿಯಲ್ಲಿ ಮನೆಯವರ ವಾಟ್ಸಾಪ್ ಗುಂಪಿಗೆ ಬಂದ ಫೋಟೋ ತೆರೆದವಳು ತಿರುತಿರುಗಿ ನೋಡಿದಳು. ಮಹಾಗಾಂವ ಬಂದಾಗ, "ಭಾಯಿ, ಗಾಡಿ ನಿಲ್ಲಸು," ಎಂದಳು.

"ಯಾಕ? ಹೊತ್ತಾಗ್ತದ."

"ನಿಲ್ಲಸಂತೀನಲ್ಲ!"

ಚಹಾದ ಅಂಗಡಿಯೊಂದರ ಮುಂದೆ ಟ್ಯೂಬ್‌ಲೈಟು ಉರಿಯುತ್ತಿತ್ತು. ಮದಿಹಾ ಕಾರಿನ ಬಾನೆಟ್ಟಿನ ಮೇಲೆ ದುರ್ಬೀನಿಟ್ಟು, ಅಣ್ಣನ ಫೋನು ಕಸಿದುಕೊಂಡು ಹಿಡಿಕೆಗೆ ಸಿಕ್ಕಿಸಿ, ಅಂಗಡಿಯ ಬಿಳಿ ಗೋಡೆಯ ಕಡೆ ತಿರುಗಿಸಿದಳು. ಪರದೆಯ ತುಂಬ ಬೆಳಕು. "ಈಗ ನೋಡ್ರಿ ಅಬ್ಬಾ," ಎಂದು ಫೋನನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿದಳು. ಬೆಳಕು ಅಂಚಿಗೆ ಸರಿದು ತೆಳುವಾಯಿತು, ಉಳಿದದ್ದೆಲ್ಲ ಕಪ್ಪು. ಕಪ್ಪಿನ ನಡುವೆ ಬಾಗಿದ ಒಂದು ಬೆಳ್ಳಿ ಗೆರೆ. ಅದೇ ಗೆರೆ. ಮಹಾಗಾಂವದ ಚಹಾದಂಗಡಿಯ ಗೋಡೆಯಲ್ಲಿ ಹಬ್ಬದ ಚಂದ್ರ ಹುಟ್ಟಿತ್ತು.

"ಇದು ದುರ್ಬೀನಿನ ಕಣ್ಣಿನ ಅಂಚು. ಫೋನು ಸರಿದ್ರ ಹಿಂಗ ಕಾಣ್ತದ. ನಮ್ಮ ಸಾಲಿ ಹುಡುಗ್ರೂ ಮೊದಲ ದಿನ ಇದನ್ನೇ ಚಂದ್ರ ಅಂತ ಕೂಗಿದ್ರು," ಎಂದಳು ಮದಿಹಾ. "ಫೋಟೋದಾಗ ಆಕಾಶ ಮಸಿಹಂಗ ಕಪ್ಪದ. ಆವಾಗ ಆಕಾಶ ಇನ್ನಾ ಕೆಂಪಿತ್ತು ಅಬ್ಬಾ. ನಂದೇ ತಪ್ಪು, ನಾ ಬಿಟ್ಟು ಹೋಗಬಾರದಿತ್ತು. ಆದ್ರ ನೀವು ಕಣ್ಣಿಲೆ ನೋಡಿದ್ರ ಇದು ಯಾವ್ದೂ ಲೆಕ್ಕಕ್ಕಿಲ್ಲ. ನೋಡೀರಿ ಹೌದಲ್ಲ?"

ಉತ್ತರ ಝಹೀರನಿಂದ ಬಂತು. "ಅದೆಲ್ಲ ಈಗ ಬ್ಯಾಡ. ಪಟಾಕಿ ಹಾರಿಸ್ಯಾರ, ಹೆಂಗಸ್ರು ಮೆಹಂದಿ ಹಚ್ಕೊಂಡಾರ. ಈಗ ಇಲ್ಲ ಅಂದ್ರ ನಾಳಿಂದ ಊರಾಗ ಮಾರಿ ಹ್ಯಾಂಗ ತೋರಸೋದು? ಅಬ್ಬಾ ನೋಡದಿದ್ರೇನಾತು, ಬುರ್ಹಾನ್ ಚಾಚಾ ನೋಡ್ಯಾರಲ್ಲ."

ಎಲ್ಲರೂ ಬುರ್ಹಾನುದ್ದೀನನ ಕಡೆ ತಿರುಗಿದರು. ಅವನು ಕಾರಿನ ಬಾಗಿಲು ಹಿಡಿದು ನಿಂತಿದ್ದ.

"ಕರೀಂ ಭಾಯಿ ಅದ ಅಂದ್ರು," ಎಂದ. "ಅವರು ಅದ ಅಂದ ಮ್ಯಾಲ ಇರ್ತದ ಅಂತ ನಾನೂ ಅದ ಅಂದೆ."

"ಹೋದ ವರ್ಷ?" ಎಂದು ಕೇಳಿದವರು ಕರೀಂಸಾಬರೇ. ಹೋದ ವರ್ಷವೂ ಮೋಡವಿತ್ತು. ಪಶ್ಚಿಮಕ್ಕೆ ಸುಮ್ಮನೆ ಬೆರಳು ಚಾಚಿ, "ಅಲ್ಲೇ ಎಲ್ಲೋ ಇರಬೇಕು ನೋಡು," ಎಂದಿದ್ದರು. ಬುರ್ಹಾನುದ್ದೀನ್ "ಹೌದು, ಅಗೋ" ಎಂದಿದ್ದ. ಅವನಿಗೆ ಕಂಡಿತಲ್ಲ ಎಂಬ ಧೈರ್ಯದಲ್ಲಿ ಖಾಜಿಯವರ ಎದುರು ಹೋಗಿ ರುಜು ಹಾಕಿ ಬಂದಿದ್ದರು.

"ಹೋದ ವರ್ಷನೂ ಹಂಗೇ," ಎಂದ ಬುರ್ಹಾನುದ್ದೀನ್. "ನೀವು ಬೆರಳು ತೋರಿಸಿದ್ರಿ. ನನಗ ಮೋಡ ಬಿಟ್ಟು ಏನೂ ಕಾಣಲಿಲ್ಲ. ನಿಮ್ಮ ಕಣ್ಣಿನ ಮುಂದ ನನ್ನ ಕಣ್ಣು ಯಾವ ಮೂಲಿಗೆ ಅಂತ ಹೌದಂದೆ."

ಕಾರು ಮತ್ತೆ ಕಲಬುರಗಿಯ ದಾರಿ ಹಿಡಿಯಿತು. ಕರೀಂಸಾಬರಿಗೆ ಎದುರಿನ ವಾಹನಗಳ ದೀಪಗಳು ಒಡೆದ ಮೊಟ್ಟೆಯ ಹಾಗೆ ಚೆಲ್ಲಿಕೊಂಡು ಕಾಣುತ್ತಿದ್ದವು. ಕಂಡೆನೆಂದು ಒಂದೇ ಒಂದು ಮಾತು ಹೇಳಿದರೆ ಎಲ್ಲರ ಮಾನ ಉಳಿಯುತ್ತದೆ, ಸಾವಿರಾರು ಜನರ ಒಂದು ರೋಜಾ ಹೋಗುತ್ತದೆ. ಹೇಳದಿದ್ದರೆ ರೋಜಾ ಉಳಿಯುತ್ತದೆ, ಇಷ್ಟು ವರ್ಷ ಹೊತ್ತು ತಿರುಗಿದ ಹೆಸರು ಹೋಗುತ್ತದೆ. ಕಾರು ಎಲ್ಲಾದರೂ ಕೆಟ್ಟು ನಿಲ್ಲಬಾರದೇ ಎಂದು ಬೇಡಿಕೊಂಡರು. ಜೀವಮಾನವೆಲ್ಲ ಗಾಡಿ ಕೆಡದಿರಲಿ ಎಂದೇ ಬೇಡಿದ ಡ್ರೈವರು ಅವರು.

ಮಸೀದಿಯ ಪಕ್ಕದ ಕೋಣೆಯಲ್ಲಿ ಏಳೆಂಟು ಜನ ಕೂತಿದ್ದರು. ಅಂಗಳದ ತುಂಬ ಜನ. ಕರೀಂಸಾಬರು ಬಾಗಿಲಿಗೆ ಬಂದೊಡನೆ ಖಾಜಿ ಸಾಹೇಬರು ಎದ್ದು ನಿಂತು ಕೈ ಹಿಡಿದು ಕೂರಿಸಿಕೊಂಡರು.

"ನಿಮಗ ನಾ ಏನು ಪ್ರಶ್ನಿ ಕೇಳಲಿ ಕರೀಂಸಾಬ್? ಬ್ಯಾರೇದವರಿಗೆ ನೂರು ಕೇಳ್ತೀನಿ. ಎಲ್ಲಿ ಕಂಡ್ತು, ಎಷ್ಟು ಮ್ಯಾಲಿತ್ತು, ಕೋಡು ಯಾವ ಕಡಿ ಇದ್ದವು ಅಂತ. ನೀವು ನೋಡೀನಿ ಅಂತ ಒಂದು ಮಾತು ಅನ್ರಿ, ಸಾಕು."

ನೂರು ಪ್ರಶ್ನೆ ಕೇಳಿದ್ದರೆ ಎಷ್ಟೋ ಚೆನ್ನಾಗಿತ್ತು. ಎಲ್ಲೋ ಒಂದರಲ್ಲಿ ಎಡವಿ ಸಿಕ್ಕಿಬೀಳುತ್ತಿದ್ದರು, ಹಾಗೆ ಸಿಕ್ಕಿಬೀಳುವುದು ಸುಲಭ. ಹಿಂದೆ ಝಹೀರ ಕೆಮ್ಮಿದ. ಮದಿಹಾ ಬಾಗಿಲ ಹೊರಗೆ ಸೆರಗು ಕಚ್ಚಿಕೊಂಡು ನಿಂತಿದ್ದಳು.

"ನಾ ನೋಡಿಲ್ರಿ," ಎಂದರು ಕರೀಂಸಾಬರು. "ಮೊಬೈಲಿನಾಗ ಒಂದು ಗೆರಿ ನೋಡೀನಿ. ಅದು ಚಾಂದ್ ಅಲ್ಲ."

"ಮೊಬೈಲ್ ಬಿಡ್ರಿ. ಕಣ್ಣಿಲೆ?"

"ಕಣ್ಣಿಗೆ ಪೊರಿ ಬಂದದ. ಎರಡು ವರ್ಷಾತು. ಯಾರಿಗೂ ಹೇಳಿಲ್ಲ."

ಖಾಜಿ ಸಾಹೇಬರ ಕೈ ಇನ್ನೂ ಅವರ ಕೈ ಮೇಲಿತ್ತು. ಅದು ನಿಧಾನವಾಗಿ ಹಿಂದಕ್ಕೆ ಹೋಯಿತು. "ಎರಡು ವರ್ಷ," ಎಂದರು. "ಹಂಗಾದ್ರ ಹೋದ ವರ್ಷದ ಗವಾಹಿ?"

ಬುರ್ಹಾನುದ್ದೀನ್ ಅಲ್ಲೇ ನೆಲಕ್ಕೆ ಕುಸಿದು ಅಳತೊಡಗಿದ. ಎಪ್ಪತ್ತರ ಮುದುಕ ಮಕ್ಕಳ ಹಾಗೆ ಅಳುವುದನ್ನು ಕೋಣೆ ನೋಡಿತು. ಯಾರೋ ಸಿಟ್ಟಿನಿಂದ ಎದ್ದರು, ಯಾರೋ ಅವರನ್ನು ಹಿಡಿದು ಕೂರಿಸಿದರು.

"ಹೋದ ವರ್ಷದ್ದು ತಿಳಿದವರ್ನ ಕೇಳಬೇಕು. ಆ ಒಂದು ರೋಜಾ ಎಲ್ಲಾರೂ ತೀರಸಬೇಕಾಗ್ತದೋ ಏನೋ," ಎಂದರು ಖಾಜಿ ಸಾಹೇಬರು. "ಇವತ್ತಿಂದು ಮೊದಲು ನಿಲ್ಲಬೇಕು. ನಿಮ್ಮೂರಾಗ ಜನ ಯಾರ ಮಾತು ಕೇಳ್ತಾರ? ನಿಮ್ಮದೇ ಕೇಳ್ತಾರ. ನೀವೇ ಹೇಳ್ರಿ."

ಕಮಲಾಪುರದ ಮಸೀದಿಗೆ ಫೋನು ಹಚ್ಚಿದರು. ಅಲ್ಲಿ ಬಾಂಗ್ ಕೊಡುವ ಹುಸೇನ ತನ್ನ ಮೊಬೈಲನ್ನು ಮೈಕಿನ ಬಾಯಿಗೆ ಹಿಡಿದ. ಕರೀಂಸಾಬರು ಗಂಟಲು ಸರಿಮಾಡಿಕೊಂಡರು. ಅವರ ದನಿ ಮೂವತ್ತೇಳು ಕಿಲೋಮೀಟರು ದಾಟಿ ಅವರದೇ ಓಣಿಯ ಮೇಲೆ ಮೊಳಗಿತು. ಚಾಂದ್ ಕಂಡಿಲ್ಲ, ನಾ ತಪ್ಪು ಹೇಳೀನಿ, ನಾಳೆ ರೋಜಾ ಅದ, ರಾತ್ರಿಯ ತರಾವೀಹ್ ನಮಾಜಿಗೆ ಬರ್ರಿ ಎಂದರು. ಅಷ್ಟು ಹೇಳಿ ನಿಲ್ಲಿಸಬಹುದಿತ್ತು. ಝಹೀರ ಫೋನಿಗೆ ಕೈ ಚಾಚಿದ. ಕರೀಂಸಾಬರು ಅವನ ಕೈ ಸರಿಸಿ, ಹೋದ ವರ್ಷದ್ದನ್ನೂ ಹೇಳಿದರು, ಎರಡು ವರ್ಷದಿಂದ ಕಣ್ಣು ಕಾಣುತ್ತಿಲ್ಲವೆಂದೂ ಹೇಳಿದರು. ಬುರ್ಹಾನುದ್ದೀನನ ಹೆಸರು ಮಾತ್ರ ಎತ್ತಲಿಲ್ಲ.

ಹೊರಗೆ ಅಂಗಳದಲ್ಲಿ ಜನ ಅವರಿಗೆ ದಾರಿ ಬಿಟ್ಟರು. ಯಾರೂ ಸಲಾಂ ಹೇಳಲಿಲ್ಲ, ಅಥವಾ ಹೇಳಿದವರು ಕೈಯೆತ್ತಿ ಹೇಳಿದರೋ ಏನೋ, ಅವರಿಗೆ ಕಾಣಲಿಲ್ಲ. ಮದಿಹಾ ಬಂದು ತೋಳು ಹಿಡಿದಳು. ಝಹೀರ ಅಪ್ಪನ ಜೊತೆ ಮಾತು ಬಿಟ್ಟು ಕಾರಿನ ಕಡೆ ನಡೆದಿದ್ದ. ಅಷ್ಟರಲ್ಲಿ ಮನೆಯಿಂದ ಫೋನು ಬಂತು. ಹೆಂಡತಿ ಶಾಹಜಾದಿ.

ಶಾಹಜಾದಿಗೆ ಸಿಟ್ಟು ಬಂದರೆ ಕೂಗಾಡುವುದಿಲ್ಲ, ಎರಡೆರಡು ದಿನ ಬಾಯಿಗೆ ಬೀಗ ಹಾಕಿಕೊಂಡು ಎದುರಿಗೇ ಕೂರುತ್ತಾಳೆ. ಓಣಿಯಲ್ಲಿ ತಲೆ ತಗ್ಗಿಸುವಂತೆ ಮಾಡಿದಿರಿ ಎನ್ನುತ್ತಾಳೆ, ಅನ್ನಿಸಿಕೊಳ್ಳಲೇಬೇಕು ಎಂದುಕೊಂಡು ಕರೀಂಸಾಬರು ಫೋನು ಕಿವಿಗೆ ಹಿಡಿದರು.

"ಮೈಕಿನಾಗ ಕೇಳೀನಿ," ಎಂದಳು ಶಾಹಜಾದಿ. "ಎರಡು ವರ್ಷ ಅಂದ್ರಿ."

"ಹೂಂ."

"ನನ್ನ ಮಾರಿ ಕಾಣ್ತದೋ ಇಲ್ಲೋ ನಿಮಗ?"

ಕಾಣ್ತದ ಎಂದರೆ ಮುಗಿದಿತ್ತು. ಮದಿಹಾ ಪಕ್ಕದಲ್ಲೇ ಇದ್ದಳು, ಅವಳೂ ಅದನ್ನೇ ಅನ್ನಲಿ ಎಂಬಂತೆ ಅಪ್ಪನ ತೋಳು ಒತ್ತಿದಳು.

"ಇಲ್ಲ," ಎಂದರು ಕರೀಂಸಾಬರು. "ದನಿ ಹಿಡಿದು ಗುರ್ತ ಹಚ್ತೀನಿ."

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದಾಯಿತು. ಆಮೇಲೆ ಏನೂ ಕೇಳಲಿಲ್ಲ. ಫೋನು ಕಡಿದುಹೋಯಿತೇನೋ ಎಂದು ಅವರು ಕಿವಿಗೆ ಇನ್ನಷ್ಟು ಒತ್ತಿಕೊಂಡರು.

"ಹಂಗಾದ್ರ, ನಾ ಮುನಿಸಿಕೊಂಡು ಮಾತು ಬಿಟ್ಟು ಕುಂತ ದಿನ," ಎಂದಳು ಶಾಹಜಾದಿ, "ನಾ ಮನ್ಯಾಗ ಅದೀನೋ ಇಲ್ಲೋ ಅಂಬೋದೂ ನಿಮಗ ಗೊತ್ತಾಗ್ತಿದ್ದಿಲ್ಲೇನು?"

"ಗೊತ್ತಾಗ್ತಿದ್ದಿಲ್ಲ," ಎಂದರು ಕರೀಂಸಾಬರು.